ಹದಿನೈದು ನಿಮಿಷದಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಬಿಡಿಸಬಹುದೇ?

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ, ಊರು ಧಾರವಾಡ. ಜಲವರ್ಣದಲ್ಲಿ ಅಲ್ಪಸ್ವಲ್ಪ ಕೈ ಪಳಗಿದೆ. ಬರುವ ಜೂನ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ನ್ಯೂಯಾರ್ಕ್, ವಾಷಿಂಗ್ಟನ್, ಆಮೇಲೆ ಗ್ರ್ಯಾಂಡ್ ಕ್ಯಾನ್ಯನ್, ಯೆಲ್ಲೋಸ್ಟೋನ್, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ ತೋರಿಸುತ್ತೇನೆ ಎಂದಿದ್ದಾನೆ. ಹೋದಲ್ಲೆಲ್ಲ ಚಿತ್ರ ಬರೆಯಬೇಕೆಂಬ ಆಸೆ ನನಗೆ. ಆದರೆ ಮನೆಮಂದಿಯ ಜೊತೆ ಹೋದಾಗ ಒಂದು ಜಾಗದಲ್ಲಿ ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅಷ್ಟು ದೊಡ್ಡ ಕಣಿವೆಯನ್ನು ಅಂಗೈಯಗಲದ ಪುಸ್ತಕದಲ್ಲಿ ಹಿಡಿಸುವುದು ಹೇಗೆ? ಏನೇನು ಒಯ್ಯಬೇಕು? ಅಲ್ಲಿ ಕುಳಿತು ಬರೆಯಲು ಅನುಮತಿ ಬೇಕೇ?

ಉತ್ತರ: ಹದಿನೈದು ನಿಮಿಷ ಧಾರಾಳವಾಗಿ ಸಾಕು, ಒಂದು ಷರತ್ತಿನ ಮೇಲೆ. ಎದುರಿಗಿರುವುದು ಹೇಗೆ ರೂಪುಗೊಂಡಿದೆ ಎಂಬುದು ಅಲ್ಲಿಗೆ ತಲುಪುವ ಮೊದಲೇ ನಿಮಗೆ ಗೊತ್ತಿರಬೇಕು. ಅಮೆರಿಕದಲ್ಲಿ ಚಿತ್ರ ಬರೆಯಲು ಕುಳಿತವರ ಕೈ ಕಟ್ಟಿಹಾಕುವುದು ಅಲ್ಲಿನ ಗಾತ್ರ. ಆ ಗಾತ್ರವನ್ನೇ ಕಾಗದಕ್ಕೆ ಇಳಿಸುತ್ತೇನೆ ಎಂದು ಹೊರಟರೆ ಸೋಲು ಖಚಿತ. ಬಂಡೆ ಎಲ್ಲಿ ಸೀಳಿದೆ, ಕಟ್ಟಡ ಎಲ್ಲಿ ಕಿರಿದಾಗಿದೆ, ಸೇತುವೆಯ ಭಾರ ಎಲ್ಲಿಗೆ ಇಳಿದಿದೆ ಎಂದು ನೋಡಿ ಅದನ್ನಷ್ಟೇ ಬರೆದರೆ ಅಂಗೈಯಗಲದ ಹಾಳೆಯಲ್ಲೂ ಜಾಗ ಉಳಿಯುತ್ತದೆ. ನಿಮ್ಮ ಪಟ್ಟಿಯ ಜಾಗಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ಕಣಿವೆಯಿಂದ ಶುರು ಮಾಡೋಣ. ಅಲ್ಲಿ ಕಲಿತದ್ದು ಉಳಿದೆಲ್ಲ ಕಡೆ ಉಪಯೋಗಕ್ಕೆ ಬರುತ್ತದೆ.

ಗ್ರ್ಯಾಂಡ್ ಕ್ಯಾನ್ಯನ್ 446 ಕಿಲೋಮೀಟರ್ ಉದ್ದವಿದೆ, ಅಗಲ ಕೆಲವು ಕಡೆ 29 ಕಿಲೋಮೀಟರ್, ಆಳ ಒಂದೂವರೆ ಕಿಲೋಮೀಟರಿಗೂ ಮಿಗಿಲು. ಕಟಕಟೆಯ ಬಳಿ ನಿಂತ ಕೂಡಲೇ ಕಣ್ಣು ದಿಕ್ಕೆಡುತ್ತದೆ. ಹೊಸಬರು ಹಾಳೆಯ ಎಡ ಅಂಚಿನಿಂದ ಒಂದೊಂದೇ ಬಂಡೆಯನ್ನು ಬಿಡಿಸುತ್ತಾ ಹೋಗುತ್ತಾರೆ. ಹತ್ತು ನಿಮಿಷವಾಗುವಷ್ಟರಲ್ಲಿ ಹಾಳೆಯ ಕಾಲು ಭಾಗ ಗೀಚುಗಳಿಂದ ತುಂಬಿರುತ್ತದೆ, ಮನಸ್ಸು ದಣಿದಿರುತ್ತದೆ. ನೀವು ಹಾಗೆ ಮಾಡಬೇಡಿ. ಈ ಕಣಿವೆಗೆ ಒಂದು ಲೆಕ್ಕವಿದೆ. ಗಟ್ಟಿ ಕಲ್ಲಿನ ಪದರ ನೆಟ್ಟಗೆ ಗೋಡೆಯಾಗಿ ನಿಲ್ಲುತ್ತದೆ, ಮೆತ್ತಗಿನ ಪದರ ಪುಡಿಯಾಗಿ ಇಳಿಜಾರಾಗುತ್ತದೆ. ಇವೆರಡೂ ಒಂದಾದ ಮೇಲೊಂದು ಬರುವುದರಿಂದ ಇಡೀ ಕಣಿವೆ ದೈತ್ಯ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಪದರಗಳು ಹೆಚ್ಚುಕಡಿಮೆ ಸಮತಲವಾಗಿ ಮಲಗಿರುವುದರಿಂದ ಇಲ್ಲಿಯ ಗೋಡೆಯ ಎತ್ತರದಲ್ಲೇ ಅಲ್ಲಿಯ ಗೋಡೆಯೂ ಇರುತ್ತದೆ. ಒಂದು ಗುಡ್ಡದ ಅಂಚನ್ನು ಸರಿಯಾಗಿ ಎಳೆದರೆ ಉಳಿದ ಗುಡ್ಡಗಳ ಅಂಚೂ ನಿಮಗೆ ಸಿಕ್ಕಿತೆಂದೇ ತಿಳಿಯಿರಿ. ದೂರ ಹೋದಂತೆ ಚಿಕ್ಕದಾಗುತ್ತದೆ ಅಷ್ಟೇ.

ಮೇಲಿನಿಂದ ಎಣಿಸೋಣ. ನೀವು ನಿಂತಿರುವ ಅಂಚು ಕೈಬಾಬ್ ಎಂಬ ಸುಣ್ಣಕಲ್ಲು, ಮಾಸಿದ ಕೆನೆಬಣ್ಣ. ಅದರ ಸ್ವಲ್ಪ ಕೆಳಗೆ ಕೊಕೊನಿನೊ ಎಂಬ ಮರಳುಗಲ್ಲಿನ ಗೋಡೆ. ಇಡೀ ಕಣಿವೆಯಲ್ಲಿ ಎದ್ದು ಕಾಣುವ ತಿಳಿಬಣ್ಣದ ಪಟ್ಟಿ ಅದು. ಎದುರಿನ ದಂಡೆಯಲ್ಲೂ ಅದನ್ನು ಥಟ್ಟನೆ ಗುರುತಿಸಬಹುದು. ಪೆನ್ಸಿಲ್ ಹಿಡಿದ ಕೂಡಲೇ ಮೊದಲು ಆ ಪಟ್ಟಿಯನ್ನು ಹಾಳೆಯಲ್ಲಿ ಗುರುತಿಸಿಕೊಳ್ಳಿ, ಉಳಿದದ್ದು ಅದರ ಲೆಕ್ಕದಲ್ಲಿ ಬರುತ್ತದೆ. ಅದರ ಕೆಳಗೆ ಹರ್ಮಿಟ್ ಎಂಬ ಕೆಂಪು ಇಳಿಜಾರು, ಆಮೇಲೆ ಸುಪಾಯ್ ಪದರಗಳ ಸಣ್ಣ ಸಣ್ಣ ಏರಿಳಿತ, ಆಮೇಲೆ ರೆಡ್‌ವಾಲ್ ಎಂಬ ಮಹಾಗೋಡೆ. ಇನ್ನೂ ಕೆಳಗೆ ಹಸಿರು ಛಾಯೆಯ ಬ್ರೈಟ್ ಏಂಜಲ್ ಇಳಿಜಾರು ವಿಶಾಲವಾಗಿ ಹರಡಿಕೊಂಡಿದೆ. ಅದನ್ನು ಸೀಳಿಕೊಂಡು ಕೊಲೊರಾಡೊ ನದಿ ಹರಿಯುವ ಒಳಗಣಿವೆ ಕಪ್ಪು ಕಪ್ಪಾಗಿದೆ. ಆ ಕಪ್ಪು ಕಲ್ಲಿನ ವಯಸ್ಸು ಸುಮಾರು 170 ಕೋಟಿ ವರ್ಷ. ಈ ಏಳು ಹಂತಗಳನ್ನು ಮನೆಯಲ್ಲೇ ನಾಲ್ಕಾರು ಸಲ ಅಂಚುರೇಖೆಯಾಗಿ ಎಳೆದು ಕೈಗೆ ರೂಢಿ ಮಾಡಿಕೊಳ್ಳಿ.

ರೆಡ್‌ವಾಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹೆಸರು ಕೆಂಪು ಗೋಡೆಯಾದರೂ ಆ ಕಲ್ಲಿನ ನಿಜವಾದ ಬಣ್ಣ ಬೂದು. ಮೇಲಿರುವ ಸುಪಾಯ್ ಮತ್ತು ಹರ್ಮಿಟ್ ಪದರಗಳ ಕಬ್ಬಿಣದ ಕೆಂಪು ಮಳೆನೀರಿನಲ್ಲಿ ಕರಗಿ ಇಳಿದು ಗೋಡೆಯ ಮುಖಕ್ಕೆ ಮೆತ್ತಿಕೊಂಡಿದೆ. ಈಚೆಗೆ ಬಂಡೆ ಕಳಚಿಬಿದ್ದ ಕಡೆ ಒಳಗಿನ ಬೂದು ಬಣ್ಣ ಹಾಗೆಯೇ ಕಾಣುತ್ತದೆ. ಜಲವರ್ಣದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಗೋಡೆಗೆ ಮೊದಲು ತೆಳು ಬೂದು ಬಣ್ಣ ಹಚ್ಚಿ. ಅದು ಇನ್ನೂ ತೇವವಿರುವಾಗ ಮೇಲಂಚಿನಲ್ಲಿ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣವನ್ನು ತುದಿಬ್ರಷ್‌ನಲ್ಲಿ ಮುಟ್ಟಿಸಿ, ಹಾಳೆಯನ್ನು ಓರೆ ಮಾಡಿ. ಬಣ್ಣ ತಾನೇ ಕೆಳಗಿಳಿಯುತ್ತದೆ. ಅಲ್ಲಲ್ಲಿ ಬೂದು ಉಳಿದರೆ ಉಳಿಯಲಿ. ನಿಸರ್ಗ ಆ ಗೋಡೆಗೆ ಬಣ್ಣ ಹಚ್ಚಿರುವುದು ಇದೇ ಕ್ರಮದಲ್ಲಿ. ಕೆಂಪನ್ನು ನೇರವಾಗಿ ಬಳಿದರೆ ಈ ಜೀವ ಬರುವುದಿಲ್ಲ.

ಇನ್ನು ದೂರದ ವಿಷಯ. ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವ ಹೆಚ್ಚು. ಮೊದಲ ಬೆಟ್ಟ ಹಸಿರು, ಎರಡನೆಯದು ನೀಲಿ, ಮೂರನೆಯದು ಮಬ್ಬು ಎಂದು ನಮ್ಮ ಕೈ ತಾನಾಗಿಯೇ ಬರೆಯುತ್ತದೆ. ಗ್ರ್ಯಾಂಡ್ ಕ್ಯಾನ್ಯನ್ ಇರುವ ಅರಿಜೋನಾದ ಒಣ ಗಾಳಿಯಲ್ಲಿ ಈ ಅಭ್ಯಾಸ ಕೈಕೊಡುತ್ತದೆ. ಆಕಾಶ ಶುಭ್ರವಾಗಿದ್ದರೆ ಹದಿನೈದಿಪ್ಪತ್ತು ಕಿಲೋಮೀಟರ್ ಆಚೆಯ ಉತ್ತರದ ದಂಡೆಯೂ ಚೂಪಾಗಿ ಕಾಣುತ್ತದೆ. ಬಣ್ಣವನ್ನು ಮಸುಕು ಮಾಡಿ ದೂರ ತೋರಿಸುವ ಉಪಾಯ ಅಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬಾರದು. ಒಂದು ಗುಡ್ಡ ಇನ್ನೊಂದನ್ನು ಎಲ್ಲಿ ಮರೆಮಾಡುತ್ತದೆ ಎಂದು ತೋರಿಸಿ, ಮುಂಭಾಗದಲ್ಲಿ ಒಂದು ಜೂನಿಪರ್ ಮರವನ್ನೋ ಕಟಕಟೆ ಹಿಡಿದು ನಿಂತ ಮನುಷ್ಯನನ್ನೋ ನಿಲ್ಲಿಸಿ. ಜುಲೈ–ಆಗಸ್ಟ್‌ನಲ್ಲಿ, ಮಧ್ಯಾಹ್ನದ ಮೇಲೆ ಅಲ್ಲಿ ಗುಡುಗು ಮಳೆ ಸಾಮಾನ್ಯ. ಮೋಡದ ನೆರಳು ಒಂದು ಗುಡ್ಡದ ಮೇಲೆ ಬಿದ್ದಾಗ ಅದರ ಹಿಂದಿನ ಗುಡ್ಡ ಬೆಳಗಿ ಬೇರೆಯಾಗುತ್ತದೆ. ಆ ಕ್ಷಣ ನಿಮಗೆ ಬೇಕಾದದ್ದು. ನೆರಳಿನ ಗಡಿಯನ್ನು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ, ಬಣ್ಣ ಆಮೇಲೆ. ನೆರಳಿಗೆ ಕಪ್ಪು ಬಣ್ಣವನ್ನು ದಯವಿಟ್ಟು ಮುಟ್ಟಬೇಡಿ. ಎದುರಿನ ಗೋಡೆಯ ಬಿಸಿಲು ಪ್ರತಿಫಲಿಸಿ ಆ ನೆರಳುಗಳ ಒಳಗೂ ಕೆಂಪಿನ ಕಾವು ಇರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಚಿಟಿಕೆಯಷ್ಟು ಲೈಟ್ ರೆಡ್ ಎಂಬ ಇಟ್ಟಿಗೆಗೆಂಪು ಬೆರೆಸಿದರೆ ಅದು ಸಿಗುತ್ತದೆ.

ನಡುಹಗಲಲ್ಲಿ ಕಣಿವೆ ಚಪ್ಪಟೆಯಾಗಿ, ಬಣ್ಣಗೆಟ್ಟು ಕಾಣುತ್ತದೆ. ಮಗನಿಗೆ ಹೇಳಿ ಬೆಳಿಗ್ಗೆ ಬೇಗ ಅಥವಾ ಸಂಜೆ ಐದರ ನಂತರ ಹೋಗುವ ಹಾಗೆ ಮಾಡಿಕೊಳ್ಳಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳೂಮುಕ್ಕಾಲರ ಹೊತ್ತಿಗೆ. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದೆ ಮಾಡುವ ಪದ್ಧತಿ ಅರಿಜೋನಾದಲ್ಲಿ ಇಲ್ಲ, ಆದರೆ ಅಲ್ಲೇ ಪಕ್ಕದ ನವಾಹೊ ಮೂಲನಿವಾಸಿಗಳ ನಾಡಿನಲ್ಲಿ ಇದೆ. ಆ ನಾಡಿನಲ್ಲಿರುವ ಮಾನ್ಯುಮೆಂಟ್ ವ್ಯಾಲಿಗೂ ಹೋಗುವ ಯೋಚನೆಯಿದ್ದರೆ ಇದನ್ನು ನೆನಪಿಡಿ. ದಕ್ಷಿಣ ದಂಡೆಯಲ್ಲಿ ಎಲ್ಲರೂ ಮೊದಲು ನಿಲ್ಲುವುದು ಮೇದರ್ ಪಾಯಿಂಟ್‌ನಲ್ಲಿ, ನೂಕುನುಗ್ಗಲು ಅಲ್ಲೇ. ನಾನು ನಿಮಗೆ ಸೂಚಿಸುವುದು ಪೂರ್ವ ತುದಿಯ ಡೆಸರ್ಟ್ ವ್ಯೂ. ವಾಸ್ತುಶಿಲ್ಪಿ ಮೇರಿ ಕೋಲ್ಟರ್ ವಿನ್ಯಾಸ ಮಾಡಿದ, 1932ರಲ್ಲಿ ಮುಗಿದ ಕಲ್ಲಿನ ಕಾವಲುಗೋಪುರ ಅಲ್ಲಿದೆ, ಎತ್ತರ 21 ಮೀಟರ್. ಆ ಗೋಪುರವನ್ನು ಹಾಳೆಯ ಒಂದು ಬದಿಗೆ ಬೆರಳಿನಷ್ಟು ಬರೆದು ಉಳಿದದ್ದನ್ನು ಕಣಿವೆಗೆ ಬಿಡಿ. ಗಾತ್ರದ ಕೆಲಸವನ್ನು ಆ ಗೋಪುರವೇ ಮಾಡುತ್ತದೆ. ಕೆಳಗೆ ನದಿಯೂ ಕಾಣುತ್ತದೆ.

ಧಾರವಾಡದಲ್ಲಿರುವ ನಿಮಗೆ ಒಂದು ಅನುಕೂಲವಿದೆ. ಹೊರಡುವ ಮೊದಲು ಒಂದು ದಿನ ಬಾದಾಮಿಗೆ ಹೋಗಿ ಬನ್ನಿ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕುಳಿತು ಎದುರಿನ ಮರಳುಗಲ್ಲಿನ ಗೋಡೆಯನ್ನು ನೋಡಿ. ಅಡ್ಡ ಪದರಗಳು, ಅವುಗಳನ್ನು ಕಡಿದಿರುವ ಉದ್ದನೆಯ ಸೀಳುಗಳು, ಮಳೆನೀರು ಇಳಿದ ಕಪ್ಪು ಪಟ್ಟೆಗಳು ಎಲ್ಲವೂ ಅಲ್ಲಿವೆ. ಗಡಿಯಾರ ಇಟ್ಟುಕೊಂಡು ಹದಿನೈದು ನಿಮಿಷಕ್ಕೊಂದರಂತೆ ನಾಲ್ಕು ಚಿತ್ರ ಮಾಡಿ. ಮೊದಲ ಎರಡು ಕೈ ಸಡಿಲವಾಗಲು, ಆಮೇಲಿನವು ಕಲಿಯಲು.

ಸಾಮಾನಿನ ವಿಷಯದಲ್ಲಿ ನಾನು ಜಿಪುಣ. ಎ5 ಅಳತೆಯ, 300 ಜಿಎಸ್ಎಂ ಜಲವರ್ಣ ಕಾಗದದ ಪುಸ್ತಕ ಒಂದು, ಮೃದುವಾದ 4ಬಿ ಪೆನ್ಸಿಲ್, ನೀರಿಗೆ ಕದಡದ ಕಪ್ಪು ಶಾಯಿಯ ಪೆನ್ನು, ಒಂದು ದಪ್ಪ ದುಂಡು ಬ್ರಷ್, ಒಂದು ಸಣ್ಣದು. ಬಣ್ಣದ ಬಿಲ್ಲೆಗಳು ಆರು ಸಾಕು: ಅಲ್ಟ್ರಾಮರೀನ್ ನೀಲಿ, ಸೆರೂಲಿಯನ್ ನೀಲಿ, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಲೈಟ್ ರೆಡ್, ಒಂದು ಹಳದಿ. ಹಸಿರನ್ನು ಬೆರೆಸಿಕೊಳ್ಳಿ, ಬಿಲ್ಲೆಯಲ್ಲಿ ಬರುವ ಹಸಿರು ಅಲ್ಲಿಯ ಪೈನ್ ಮರಗಳಿಗೆ ಹೊಂದುವುದೇ ಇಲ್ಲ. ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಕಲ್ಲಿನ ಬೂದು ಬಣ್ಣಗಳೆಲ್ಲ ಬರುತ್ತವೆ. ತೈಲವರ್ಣ ಬೇಡ, ಟರ್ಪೆಂಟೈನನ್ನು ವಿಮಾನದಲ್ಲಿ ಬಿಡುವುದಿಲ್ಲ. ಪೆನ್ಸಿಲ್ ಚೂಪು ಮಾಡುವ ಬ್ಲೇಡನ್ನು ಕೈಚೀಲದಲ್ಲಿ ಇಟ್ಟುಕೊಳ್ಳದೆ ದೊಡ್ಡ ಪೆಟ್ಟಿಗೆಗೆ ಹಾಕಿ.

ಅರಿಜೋನಾದಲ್ಲಿ ಹಚ್ಚಿದ ಬಣ್ಣ ಕಣ್ಣೆದುರೇ ಒಣಗುತ್ತದೆ. ಆಕಾಶಕ್ಕೆ ನೀಲಿ ಎಳೆಯುತ್ತಾ ಹಾಳೆಯ ಆ ತುದಿ ಮುಟ್ಟುವ ಹೊತ್ತಿಗೆ ಈ ತುದಿ ಒಣಗಿ ಗೆರೆ ಕಟ್ಟಿರುತ್ತದೆ. ಅದಕ್ಕೆ ಮೊದಲು ಬರೀ ನೀರಿನಿಂದ ಕಾಗದವನ್ನು ಚೆನ್ನಾಗಿ ನೆನೆಸಿಕೊಳ್ಳಿ, ದೊಡ್ಡ ಬ್ರಷ್ ಹಿಡಿಯಿರಿ, ಸಾಧ್ಯವಾದರೆ ನೆರಳಿನಲ್ಲಿ ಕುಳಿತುಕೊಳ್ಳಿ. ಕಾರಿನೊಳಗೇ ಕುಳಿತು ಬರೆಯಲು ಸಂಕೋಚ ಬೇಡ. ನ್ಯೂ ಮೆಕ್ಸಿಕೊದ ಬಂಡೆ–ಬೆಟ್ಟಗಳನ್ನು ದಶಕಗಳ ಕಾಲ ಚಿತ್ರಿಸಿದ ಜಾರ್ಜಿಯಾ ಓಕೀಫ್ ತಮ್ಮ ಫೋರ್ಡ್ ಕಾರಿನ ಮುಂದಿನ ಆಸನವನ್ನು ಹಿಂದಕ್ಕೆ ತಿರುಗಿಸಿಕೊಂಡು, ಹಿಂದಿನ ಆಸನದ ಮೇಲೆ ಕ್ಯಾನ್ವಾಸ್ ಒರಗಿಸಿ ಕೆಲಸ ಮಾಡುತ್ತಿದ್ದರು. ಮರಳುಗಾಡಿನ ಬಿಸಿಲು, ಗಾಳಿಗೆ ಅವರು ಕಂಡುಕೊಂಡ ದಾರಿ ಅದು.

ನಗರಗಳಿಗೆ ಬರೋಣ. ಮಗ ನ್ಯೂಜೆರ್ಸಿಯಲ್ಲಿರುವುದು ನಿಮ್ಮ ಪುಣ್ಯ. ಹೋಬೋಕನ್ ಅಥವಾ ಜೆರ್ಸಿ ಸಿಟಿಯ ನದೀತೀರದಲ್ಲಿ ಬೆಂಚುಗಳಿವೆ. ಹಡ್ಸನ್ ನದಿಯಾಚೆ ಮ್ಯಾನ್‌ಹಟನ್ ಪೂರ್ತಿ ಹರಡಿಕೊಂಡಿರುತ್ತದೆ. ಬೆಳಿಗ್ಗೆ ಸೂರ್ಯ ಕಟ್ಟಡಗಳ ಹಿಂದಿರುವುದರಿಂದ ಒಂದೇ ಬೂದು ಬಣ್ಣದಲ್ಲಿ ಇಡೀ ಸಾಲನ್ನು ಮುಗಿಸಬಹುದು. ಸಂಜೆ ಬಿಸಿಲು ನೇರ ಅವುಗಳ ಮುಖಕ್ಕೆ ಬೀಳುತ್ತದೆ. ಎಲ್ಲ ಗೋಪುರಗಳನ್ನೂ ಬರೆಯುವ ಹಟ ಬೇಡ. 1916ರಲ್ಲಿ ನ್ಯೂಯಾರ್ಕ್ ನಗರ ಒಂದು ಕಟ್ಟಡ ನಿಯಮ ತಂದಿತು. ಬೀದಿಗೆ ಗಾಳಿ ಬೆಳಕು ಸಿಗಬೇಕೆಂದು, ಮೇಲೆ ಹೋದಂತೆ ಕಟ್ಟಡ ಹಿಂದೆ ಸರಿಯಬೇಕು ಎಂಬುದು ಅದರ ಸಾರ. 1930ರ ಕ್ರೈಸ್ಲರ್, 1931ರ ಎಂಪೈರ್ ಸ್ಟೇಟ್ ಕಟ್ಟಡಗಳ ಹಂತ ಹಂತದ ಹೆಗಲುಗಳು ಆ ನಿಯಮದ ಕಾಲದವು. ಬಹುಮಟ್ಟಿಗೆ ನೆಟ್ಟಗೆ ಏರುವ ಗಾಜಿನ ಪೆಟ್ಟಿಗೆಗಳು ಆಮೇಲಿನವು. ಆದ್ದರಿಂದ ಕಟ್ಟಡ ಎಲ್ಲೆಲ್ಲಿ ಒಳಸರಿದಿದೆ ಎಂಬುದನ್ನಷ್ಟೇ ಬರೆದರೆ ಅದು ಯಾವುದೆಂದು ನೋಡಿದವರಿಗೆ ತಿಳಿಯುತ್ತದೆ. ಕಿಟಕಿಗಳನ್ನು ಎಣಿಸಲು ಕುಳಿತರೆ ಊಟದ ಹೊತ್ತು ಮೀರುತ್ತದೆ.

ವಾಷಿಂಗ್ಟನ್ ಸ್ಮಾರಕ ಬರೆಯುವಾಗ ಒಂದು ಸೂಕ್ಷ್ಮ ನೋಡಿ. 169 ಮೀಟರ್ ಎತ್ತರದ ಆ ಬಿಳಿ ಕಂಬದಲ್ಲಿ ಸುಮಾರು 46 ಮೀಟರ್ ಮೇಲೆ ಅಮೃತಶಿಲೆಯ ಬಣ್ಣ ಬದಲಾಗುತ್ತದೆ. 1848ರಲ್ಲಿ ಶುರುವಾದ ಕೆಲಸ 1854ರಲ್ಲಿ ಹಣವಿಲ್ಲದೆ ನಿಂತಿತು. ನಡುವೆ ಅಂತರ್ಯುದ್ಧ ಆಗಿಹೋಯಿತು. 1879ರಲ್ಲಿ ಮತ್ತೆ ಕಟ್ಟಲು ಹೊರಟಾಗ ಬೇರೆ ಗಣಿಯ ಕಲ್ಲು ಬಂತು. ಕಂಬದ ಕಾಲು ಭಾಗದ ಮೇಲೆ ಒಂದು ತೆಳು ಅಡ್ಡಗೆರೆ, ಅದರ ಆಚೀಚೆ ಬಣ್ಣದಲ್ಲಿ ಒಂದೆಳೆ ವ್ಯತ್ಯಾಸ ಸಾಕು. ಆ ದೇಶ ಇಬ್ಭಾಗವಾಗಿದ್ದ ಕಾಲ ನಿಮ್ಮ ಹಾಳೆಯಲ್ಲೂ ದಾಖಲಾಗುತ್ತದೆ. ಇಂಥ ಗೆರೆಗಳು ನನಗೆ ಬಹಳ ಇಷ್ಟ. ಅವಸರದ ಫೋಟೊದಲ್ಲಿ ಇವು ಎಷ್ಟೋ ಸಲ ತಪ್ಪಿಹೋಗುತ್ತವೆ.

ವಾಷಿಂಗ್ಟನ್‌ನಲ್ಲಿರುವಾಗಲೇ ಸ್ಮಿತ್‌ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯಕ್ಕೆ ಹೋಗಿ, ಪ್ರವೇಶ ಉಚಿತ. ಥಾಮಸ್ ಮೊರಾನ್ ಅವರ ಯೆಲ್ಲೋಸ್ಟೋನ್ ಕಣಿವೆಯ ಮಹಾಚಿತ್ರ ಅವರ ಸಂಗ್ರಹದಲ್ಲಿದೆ. ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. 1871ರಲ್ಲಿ ಹೇಡನ್ ಅವರ ಭೂಸಮೀಕ್ಷೆಯ ತಂಡದ ಜೊತೆ ಮೊರಾನ್ ಯೆಲ್ಲೋಸ್ಟೋನ್‌ಗೆ ಹೋದರು. ಕುದುರೆ ಸವಾರಿ ಅಭ್ಯಾಸವಿಲ್ಲದೆ ಜೀನಿನ ಮೇಲೆ ದಿಂಬು ಹಾಕಿಕೊಂಡು ಹೋದವರು ಅವರು. ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನ್ ಜೊತೆಗಿದ್ದರು. ಜಾಕ್ಸನ್ ಫೋಟೊಗಳಲ್ಲಿ ಬಣ್ಣವಿರಲಿಲ್ಲ. ಆ ಹಳದಿ ಬಂಡೆಗಳ, ನೀಲಿ ಬುಗ್ಗೆಗಳ ಬಣ್ಣ ಪೂರ್ವದ ಜನರಿಗೆ ಕಂಡದ್ದು ಮೊರಾನ್ ಜಲವರ್ಣಗಳಲ್ಲಿ. ಇವೆರಡೂ ಸಂಸತ್ ಸದಸ್ಯರ ಮುಂದೆ ಹೋದವು. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯಿತು, ಅದೇ ವರ್ಷ ಸಂಸತ್ತು ಮೊರಾನ್ ಅವರ ದೊಡ್ಡ ಚಿತ್ರವನ್ನು 10,000 ಡಾಲರ್ ಕೊಟ್ಟು ಕೊಂಡಿತು. ಪ್ರಯಾಣದಲ್ಲಿ ಮಾಡಿದ ಪುಟ್ಟ ಜಲವರ್ಣಗಳು ಒಂದು ನಾಡನ್ನು ಉಳಿಸಲು ನೆರವಾದವು ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ಕಲೆಯ ಮೇಲೆ ಗೌರವ ಹೆಚ್ಚುತ್ತದೆ.

ಯೆಲ್ಲೋಸ್ಟೋನ್‌ನಲ್ಲಿ ಓಲ್ಡ್ ಫೇತ್‌ಫುಲ್ ಬಿಸಿನೀರ ಚಿಲುಮೆಯ ಎದುರು ನಿಮಗೆ ಸಮಯದ ಚಿಂತೆ ಇರುವುದಿಲ್ಲ. ಅದು ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ, ಮುಂದಿನ ಸಲ ಯಾವಾಗ ಎಂಬ ಅಂದಾಜನ್ನು ಪ್ರಕಟಿಸಿರುತ್ತಾರೆ. ಮನೆಮಂದಿಯೆಲ್ಲ ಬೆಂಚಿನ ಮೇಲೆ ಕಾಯಲೇಬೇಕು, ಎದ್ದು ಹೊರಡಿ ಎನ್ನುವವರು ಯಾರೂ ಇಲ್ಲ. ಆ ಬಿಡುವಿನಲ್ಲಿ ಹಿಂದಿನ ಪೈನ್ ಕಾಡನ್ನು, ನೆಲವನ್ನು, ಕುಳಿತ ಜನರನ್ನು ಬರೆದು ಬಣ್ಣ ಹಚ್ಚಿ ಮುಗಿಸಿ. ನಡುವೆ ಚಿಲುಮೆಗೆಂದು ಕಾಗದದ ಬಿಳಿಯನ್ನು ಹಾಗೇ ಬಿಟ್ಟಿರಿ. ನೀರು ಚಿಮ್ಮುವುದು ಒಂದೂವರೆಯಿಂದ ಐದು ನಿಮಿಷ, ಎತ್ತರ 32ರಿಂದ 56 ಮೀಟರ್. ಆ ಹೊತ್ತಿನಲ್ಲಿ ನೋಡಬೇಕಾದದ್ದು ಹಬೆ ಯಾವ ಕಡೆಗೆ ಬಾಗಿತು ಎಂಬುದೊಂದೇ. ಒದ್ದೆ ಬ್ರಷ್‌ನಿಂದ ಬಿಳಿಯ ಒಂದು ಅಂಚನ್ನು ಆ ದಿಕ್ಕಿಗೆ ಕರಗಿಸಿ, ಇನ್ನೊಂದು ಅಂಚು ಚೂಪಾಗಿಯೇ ಇರಲಿ. ಕಾಡೆಮ್ಮೆ ಜಾತಿಯ ಬೈಸನ್‌ಗಳು ರಸ್ತೆ ಪಕ್ಕದಲ್ಲೇ ಮೇಯುತ್ತಿರುತ್ತವೆ. ಬರೆಯುವ ಉತ್ಸಾಹದಲ್ಲಿ ಹತ್ತಿರ ಹೋಗಬೇಡಿ, 23 ಮೀಟರ್ ದೂರ ಕಡ್ಡಾಯ. ಕರಡಿ, ತೋಳಗಳಿಗಾದರೆ 91 ಮೀಟರ್.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬೇಸಿಗೆಯೆಂದರೆ ಮಂಜು. ಒಳನಾಡು ಕಾದಾಗ ಕಡಲ ಮೇಲಿನ ತಂಪು ಮಂಜು ಗೋಲ್ಡನ್ ಗೇಟ್ ಎಂಬ ಜಲಸಂಧಿಯ ಮೂಲಕ ಒಳನುಗ್ಗುತ್ತದೆ. ಅದರ ಮೇಲಿನ ಸೇತುವೆ ಕಾಣಲಿಲ್ಲವೆಂದು ಎಲ್ಲರೂ ಬೇಸರಪಟ್ಟು ಹಿಂದಿರುಗುವ ದಿನ ನಿಮಗೆ ಹಬ್ಬ: ಒದ್ದೆ ಕಾಗದದ ಮೇಲೆ ಬೂದು, ಅದರಿಂದ ತಲೆ ಎತ್ತಿದ ಕಿತ್ತಳೆಗೆಂಪಿನ ಎರಡು ಗೋಪುರ, ಮುಗಿಯಿತು ಚಿತ್ರ. ಸೇತುವೆ ಪೂರ್ತಿ ಕಂಡ ದಿನ ಅಳತೆಯ ಮೇಲೆ ನಿಗಾ ಇರಲಿ. ನೀರಿನಿಂದ ಗೋಪುರದ ಎತ್ತರ 227 ಮೀಟರ್, ಎರಡು ಗೋಪುರಗಳ ನಡುವಿನ ಅಂತರ 1,280 ಮೀಟರ್. ಅಂದರೆ ಪಕ್ಕದಿಂದ ನೋಡಿದಾಗ ಎತ್ತರದ ಐದೂವರೆ ಪಟ್ಟು ಅಗಲ. ಬಹುತೇಕ ಚಿತ್ರಗಳಲ್ಲಿ ಈ ಸೇತುವೆ ಗಿಡ್ಡವಾಗಿ, ಗೋಪುರಗಳು ಒತ್ತೊತ್ತಾಗಿ ಕಾಣುವುದು ಈ ಲೆಕ್ಕ ತಪ್ಪುವುದರಿಂದ. ಅಲ್ಲಿ ಬಣ್ಣ ಬೇಗ ಒಣಗುವುದಿಲ್ಲ, ಪುಸ್ತಕವನ್ನು ಮುಚ್ಚುವ ಮುನ್ನ ನೋಡಿಕೊಳ್ಳಿ.

ಅನುಮತಿಯ ಮಾತು. ನಿಮ್ಮ ಸಂತೋಷಕ್ಕೆ ಕುಳಿತು ಬರೆಯಲು ರಾಷ್ಟ್ರೀಯ ಉದ್ಯಾನಗಳಲ್ಲಿ ಪ್ರತ್ಯೇಕ ಅನುಮತಿ ಬೇಕಿಲ್ಲ, ಪ್ರವೇಶ ಶುಲ್ಕ ಕೊಟ್ಟರಾಯಿತು. ದಾರಿಗೆ ಅಡ್ಡ ಕೂರಬೇಡಿ. ಬಿಸಿನೀರ ಬುಗ್ಗೆಗಳ ಬಳಿ ಹಲಗೆ ಹಾದಿ ಬಿಟ್ಟು ಒಂದು ಹೆಜ್ಜೆಯೂ ಇಡಬೇಡಿ, ಅಲ್ಲಿ ನೆಲದ ಮೇಲ್ಪದರ ತೆಳು, ಕೆಳಗೆ ಕುದಿಯುವ ನೀರು. ಬ್ರಷ್ ತೊಳೆದ ನೀರನ್ನು ಹಳ್ಳಕ್ಕೋ ಬುಗ್ಗೆಗೋ ಚೆಲ್ಲದೆ ಬಾಟಲಿಯಲ್ಲೇ ಒಯ್ಯಿರಿ. ಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಪೆನ್ಸಿಲ್‌ಗೆ ಮಾತ್ರ ಅವಕಾಶ. ನವಾಹೊ ನಾಡಿನಲ್ಲಿ ಅಲ್ಲಿಯ ಜನರನ್ನು, ಅವರ ಮನೆಗಳನ್ನು ಕೇಳದೆ ಬರೆಯಬೇಡಿ.

ಇನ್ನು ಮನೆಯವರ ಅವಸರ. ಎಲ್ಲ ಜಾಗದಲ್ಲೂ ಬರೆಯುತ್ತೇನೆ ಎಂದರೆ ಅವರಿಗೂ ಕಷ್ಟ, ನಿಮಗೂ ಸಮಾಧಾನವಿಲ್ಲ. ದಿನಕ್ಕೊಂದು ಜಾಗವನ್ನು ನೀವು ಆರಿಸಿಕೊಳ್ಳಿ, ಅಲ್ಲಿ ಅರ್ಧ ಗಂಟೆ ಬೇಕೆಂದು ಬೆಳಿಗ್ಗೆ ತಿಂಡಿ ತಿನ್ನುವಾಗಲೇ ಮಗನಿಗೆ ಹೇಳಿಬಿಡಿ. ಉಳಿದ ಕಡೆ ನಿಂತಲ್ಲೇ ಬೆಂಕಿಪೆಟ್ಟಿಗೆಯಗಲದ ಚೌಕಟ್ಟಿನಲ್ಲಿ ನೆರಳು–ಬೆಳಕು ಮಾತ್ರ ಗುರುತು ಮಾಡಿಕೊಳ್ಳಿ, ಪಕ್ಕದಲ್ಲಿ ಬಣ್ಣಗಳ ಹೆಸರು ಬರೆದಿಡಿ. ಮೊರಾನ್ ಅವರ ಹಲವು ಸ್ಥಳಚಿತ್ರಗಳಲ್ಲೂ ಇಂಥ ಟಿಪ್ಪಣಿಗಳಿವೆ. ಅಂದು ರಾತ್ರಿ ಹೋಟೆಲಿನಲ್ಲಿ, ನೆನಪು ಹಸಿಯಿರುವಾಗ, ಆ ಟಿಪ್ಪಣಿಯಂತೆ ಬಣ್ಣ ಹಚ್ಚಿ. ಫೋಟೊವನ್ನು ಅಳತೆ ಸರಿನೋಡಲು ಮಾತ್ರ ತೆರೆಯಿರಿ. ಮೊಬೈಲಿನ ಕ್ಯಾಮೆರಾ ನೆರಳನ್ನು ಕಪ್ಪಾಗಿಸಿಯೋ ಅತಿ ಬೆಳಗಿಸಿಯೋ ಕೊಡುತ್ತದೆ, ಬಣ್ಣಕ್ಕೆ ಅದನ್ನು ನಂಬಬೇಡಿ. ದೊಡ್ಡ ಚಿತ್ರ ಮಾಡುವ ಆಸೆ ಇದ್ದರೆ ಧಾರವಾಡಕ್ಕೆ ಮರಳುವವರೆಗೆ ಕಾಯದೆ ನ್ಯೂಜೆರ್ಸಿಯ ಮನೆಯಲ್ಲೇ ಶುರು ಮಾಡಿ. ಅರ್ಧ ಇಂಪೀರಿಯಲ್ ಹಾಳೆ ಅಲ್ಲಿಯ ಕಲಾಸಾಮಗ್ರಿ ಅಂಗಡಿಗಳಲ್ಲಿ ಸಿಗುತ್ತದೆ, ಮುಗಿದ ಮೇಲೆ ರಟ್ಟಿನ ಕೊಳವೆಯಲ್ಲಿ ಸುತ್ತಿ ತಂದರೆ ಮಡಿಕೆ ಬೀಳುವುದಿಲ್ಲ.